ಬೇಸಿಗೆಗೆಂದು ಎತ್ತಿಟ್ಟ ಮಾತ್ರೆ

ಮಂದಾಕಿನಿ ನಾಯಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಮಿದುಳಿನಲ್ಲಿ ರಕ್ತಸ್ರಾವ, ವಯಸ್ಸು ಐವತ್ತೊಂದು. ಅಂಕೋಲೆಯಲ್ಲಿ ಅವಳನ್ನು ಬಲ್ಲವರಿಗೆ, ಅವಳದು ಕಾರವಾರದ ಆಸ್ಪತ್ರೆಯೊಂದರಲ್ಲಿ ನೌಕರಿ ಎಂಬಷ್ಟೇ ಗೊತ್ತಿತ್ತು. ಎಂಥ ನೌಕರಿ ಎಂದು ಕೇಳಿದರೆ 'ಮಾತಾಡೂ ಕೆಲಸ' ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಕೋಣೆಯಲ್ಲಿ ಹದಿನಾಲ್ಕು ವರ್ಷ ಅವಳು ಆಪ್ತಸಮಾಲೋಚಕಿ. ಡಾಕ್ಟರು ನೋಡಿ ಔಷಧ ಬರೆದ ಮೇಲೆ ರೋಗಿಗಳು ಅವಳ ಮುಂದೆ ಬಂದು ಕೂರುತ್ತಿದ್ದರು. ಬೆಳಗಿನ ಬಸ್ಸಿಗೆ ತೋಡೂರಿನಲ್ಲಿ ಅಂಥ ಯಾರಾದರೂ ಹತ್ತಿದರೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಗುರುತು ಹಿಡಿಯದಿರುವುದೂ ಆ ನೌಕರಿಯಲ್ಲಿ ಸೇರಿತ್ತು.

ಅವಳದೊಂದು ಪದ್ಧತಿ ಇತ್ತು. ಕೆಲಸಕ್ಕೆ ಸೇರಿದ ವರ್ಷ ಒಬ್ಬ ಲಾರಿ ಚಾಲಕನಿಗೆ ಅವನ ರೋಗದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಔಷಧದ ಚೀಟಿ ಮೇಜಿನ ಮೇಲೇ ಉಳಿದಿತ್ತು. ಆಮೇಲೆ ಅವಳು ರೋಗಿಗಳ ಮಾತನ್ನೇ ಆಡತೊಡಗಿದಳು. ಅವರ ಮಾತು ಹೆಚ್ಚಾಗಿ ಒಂದೇ: ಉಷ್ಣ.

ನಿತೇಶನೂ ಅದನ್ನೇ ಹೇಳಿದ. ದೇವಬಾಗದವನು, ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವನು, ಮದುವೆಯಾಗಿ ಎರಡು ವರ್ಷ. ಗಂಡ ಹೆಂಡತಿ ಮಗುವಿನ ದಾರಿ ಕಾಯುತ್ತಿದ್ದರು. ಗಂಡನಿಗೆ ನಿತೇಶ, ಹೆಂಡತಿಗೆ ಪ್ರೇಕ್ಷಾ ಎಂಬವು ಇಲ್ಲಿ ಇಟ್ಟ ಹೆಸರುಗಳು. ನಿಜ ಹೆಸರನ್ನು ಮಂದಾಕಿನಿ ಯಾರಿಗೂ ಹೇಳಲಿಲ್ಲ; ಹೇಳಲು ಈಗ ಅವಳೂ ಇಲ್ಲ.

"ಉಷ್ಣ ಆಗಿದೆ ಅಕ್ಕೋರೆ. ಬೋಟಿನ ಇಂಜಿನ್ ಹತ್ರ ಕೂತು ಕೂತು. ಮೂತ್ರ ಮಾಡೂಕೆ ಹೋದ್ರೆ ಬೆಂಕಿ."

ಮೂತ್ರದ ದಾರಿಯಲ್ಲಿ ಕೀವು ಬರುತ್ತಿತ್ತು. ಅದನ್ನು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊನೊರಿಯಾ ಎಂದು ಗೊತ್ತಾಗಿತ್ತು. ವಾರದ ಹಿಂದೆ ಬೋಟು ಗೋವೆಯಲ್ಲಿ ನಿಂತಿದ್ದಾಗ ಒಬ್ಬಳ ಬಳಿ ಹೋಗಿದ್ದನ್ನು ಅವನು ನೆಲ ನೋಡುತ್ತ ಹೇಳಿದ. ಮಂದಾಕಿನಿ ಎರಡು ಬೂದು ಪೊಟ್ಟಣಗಳನ್ನು ಮುಂದಿಟ್ಟಳು.

"ಉಷ್ಣದ ಮಾತ್ರೆ ಇದು. ಒಂದು ನಿಂಗೆ, ಒಂದು ಹೆಂಡ್ತಿಗೆ. ಇಬ್ರೂ ಒಂದೇ ದಿನ ತಗೊಳ್ಳಿ. ಏಳು ದಿನ ಬೇರೆ ಬೇರೆ ಮಲಗಿ."

ಮೂರು ವಾರಕ್ಕೆ ಅವನು ಮತ್ತೆ ಬಂದ. ಕೀವು, ಉರಿ, ಎಲ್ಲ ಮೊದಲಿನಂತೆಯೇ.

"ನಿಮ್ಮ ಮಾತ್ರೆ ಗಟ್ಟಿ ಇಲ್ಲ ಕಾಣ್ತದೆ ಅಕ್ಕೋರೆ."

"ಪ್ರೇಕ್ಷಾ ತಗೊಂಡ್ಲಾ?"

"ಅವ್ಳು ಎಂತಕ್ಕೆ ತಗೊಳ್ತಾಳೆ? ಅವಳದ್ದು ತಂಪು ಮೈ. ಬೇಸಿಗೆಗೆ ಬೇಕಾಗ್ತದೆ ಅಂತ ಎತ್ತಿಟ್ಟಿದ್ದಾಳೆ."

ಮಂದಾಕಿನಿಗೆ ಮೊದಲು ನಗು ಬಂತು. ಮರುಕ್ಷಣ ನಿಂತಿತು. ಮಾತ್ರೆ ಅವನನ್ನು ವಾಸಿ ಮಾಡಿತ್ತು. ಔಷಧವಿಲ್ಲದೆ ಉಳಿದ ಹೆಂಡತಿಯಿಂದ ಸೋಂಕು ಮರಳಿ ಬಂದಿತ್ತು. ಹೆಂಗಸರಲ್ಲಿ ಇದು ಎಷ್ಟೋ ಸಲ ಉರಿ ತೋರಿಸದೆ, ನೋವು ತೋರಿಸದೆ ಒಳಗೇ ಮೇಲೇರುತ್ತದೆ. ಗರ್ಭಕೋಶದ ನಳಿಕೆ ತಲುಪಿ ಅಲ್ಲಿ ಗಾಯ ಮಾಡಿದರೆ ಮಗುವಿನ ಆಸೆ ಅಲ್ಲಿಗೇ ನಿಲ್ಲಬಹುದು. ಪ್ರೇಕ್ಷಾ ಮಾಡಿದ ಲೆಕ್ಕದಲ್ಲಿ ದೋಷವಿರಲಿಲ್ಲ. ಉಷ್ಣದ ಮಾತ್ರೆಯನ್ನು ಉಷ್ಣಕಾಲಕ್ಕೆ ಇಟ್ಟುಕೊಂಡಿದ್ದಳು.

"ತಪ್ಪು ನಂದು," ಎಂದಳು ಮಂದಾಕಿನಿ. "ಇದು ಉಷ್ಣ ಅಲ್ಲ, ರೋಗಾಣು. ಕೂಡಿದಾಗ ಒಬ್ರಿಂದ ಒಬ್ರಿಗೆ ಹೋಗ್ತದೆ. ಅವಳನ್ನ ಕರ್ಕೊಂಡು ಬಾ."

"ಬರ್ತಾಳೆ. ಆದ್ರೆ ಅವಳ ಹತ್ರ ಉಷ್ಣ ಅಂತ್ಲೇ ಹೇಳಿ. ನೀವು ಹೇಳಿದ್ರೆ ನಂಬ್ತಾಳೆ."

"ನಂಬ್ತಾಳೆ. ಅದಕ್ಕೇ ಹೇಳೂದಿಲ್ಲ." ಮಂದಾಕಿನಿ ಮುಂದುವರಿಸಿದಳು, "ನಿನ್ನ ಗೋವೆ ಸುದ್ದಿ ನನ್ನ ಬಾಯಲ್ಲಿ ಬರೂದಿಲ್ಲ. ಅದು ನೀ ಹೇಳ್ಬೇಕಾದ್ದು. ರೋಗದ ಹೆಸರು ಮಾತ್ರ ನಾ ಹೇಳ್ತೆ."

ಅಂದಿನಿಂದ ಆ ಕೋಣೆಯಲ್ಲಿ ಯಾರು ಉಷ್ಣ ಎಂದರೂ ಅವಳು ತಲೆಯಾಡಿಸಿ ಕೇಳುತ್ತಿದ್ದಳು, ಆಮೇಲೆ ರೋಗದ ಹೆಸರನ್ನೇ ಹೇಳುತ್ತಿದ್ದಳು. ಎದ್ದು ಹೋಗುವವರು ಹೋದರು. ಅವರ ಹಿಂದೆ ಬಾಗಿಲವರೆಗೆ ನಡೆದು ಚೀಟಿಯನ್ನು ಕೈಗೆ ಕೊಟ್ಟು ಬರುತ್ತಿದ್ದಳು.

ನಿತೇಶ ಹೋದ ಮೇಲೆ ಎರಡು ದಿನ ಗಂಡ ಹೆಂಡತಿ ಇಬ್ಬರ ಸುಳಿವೂ ಇರಲಿಲ್ಲ. ಮೂರನೆಯ ದಿನ ಬಂದರು. ನಿತೇಶ ಹೊಸದಾಗಿ ಕೊಟ್ಟ ಮಾತ್ರೆಯನ್ನು ಅಲ್ಲೇ ನುಂಗಿ ಹೊರಗಿನ ಬೆಂಚಿಗೆ ಹೋದ. ಡಾಕ್ಟರು ಪ್ರೇಕ್ಷಾಳನ್ನು ಪರೀಕ್ಷಿಸಿ, ರಕ್ತಪರೀಕ್ಷೆಗೂ ಬರೆದು, ಮಂದಾಕಿನಿಯ ಕಡೆ ಕಳಿಸಿದರು. ಪ್ರೇಕ್ಷಾ ಸೆರಗಿನೊಳಗಿಂದ ಆ ಬೂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಇದು ಯಾವ ಉಷ್ಣಕ್ಕೆ ಅಕ್ಕೋರೆ? ಬೋಟಿನ ಮೇಲೆ ಕೂಗಾಡೂ ಜನ ಇವ್ರು, ಇವತ್ತು ದಾರಿ ಉದ್ದಕ್ಕೂ ಬಾಯೇ ಬಿಡ್ಲಿಲ್ಲ."

ಮಂದಾಕಿನಿ ಹೇಳಿದಳು. ರೋಗದ ಹೆಸರು, ಅದು ಹರಡುವ ಬಗೆ, ಒಳಗೆ ಮಾಡುವ ಕೇಡು, ಯಾವುದನ್ನೂ ಮುಚ್ಚಿಡಲಿಲ್ಲ.

"ಹಾಗಾದ್ರೆ ನಂಗೆ ಮಕ್ಕಳಾಗೂದಿಲ್ವಾ?"

"ಹಂಗೆ ಹೇಳ್ಲಿಲ್ಲ. ತಡ ಮಾಡಿದ್ರೆ ಕಷ್ಟ. ಮೂರು ವಾರ ಆಗಿದೆ ಅಷ್ಟೆ, ಈಗ ತಗೊಂಡ್ರೆ ರೋಗ ಹೋಗ್ತದೆ. ಹೊಟ್ಟೆನೋವು, ಜ್ವರ ಬಂದ್ರೆ ಮಾತ್ರ ಆ ದಿನವೇ ಬಾ."

ಪ್ರೇಕ್ಷಾ ಪೊಟ್ಟಣದ ಮೇಲೆ ಅಂಗೈ ಇಟ್ಟು ಕೂತಳು.

"ನನ್ನಿಂದ ಇವ್ರಿಗಾ, ಇವ್ರಿಂದ ನಂಗಾ?"

"ಅದು ಪರೀಕ್ಷೇಲಿ ಕಾಣೂದಿಲ್ಲ. ಅವನ ಹತ್ರ ಕೇಳು. ನಾ ಹೇಳೂಕೆ ಬರೂದಿಲ್ಲ."

"ಅಂದ್ರೆ ನಿಮಗೆ ಗೊತ್ತದೆ."

ಮಂದಾಕಿನಿ ನೀರಿನ ಲೋಟವನ್ನು ಅವಳ ಮುಂದೆ ಸರಿಸಿದಳು. ಪ್ರೇಕ್ಷಾ ಪೊಟ್ಟಣ ಹರಿದು, ಮಾತ್ರೆಗಳನ್ನು ಒಂದೊಂದಾಗಿ ನುಂಗಿ, ಲೋಟದ ನೀರನ್ನೆಲ್ಲ ಕುಡಿದಳು.

"ಬೇರೆ ಮಲಗೂದು ಎಷ್ಟು ದಿನ?"

"ಕಡಿಮೆ ಅಂದ್ರೆ ಏಳು."

"ತಿಂಗಳು ಅಂತ ಬರ್ಕೊಡಿ. ನಾ ಹೇಳಿದ್ರೆ ಕೇಳೂದಿಲ್ಲ, ಆಸ್ಪತ್ರೆ ಚೀಟಿ ಅಂದ್ರೆ ಕೇಳ್ತಾರೆ."

ಮಂದಾಕಿನಿ ಅವಳ ಮುಖವನ್ನೊಮ್ಮೆ ನೋಡಿದಳು. ಚೀಟಿಯ ಮೇಲ್ಗಡೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ 'ಗೊನೊರಿಯಾ' ಎಂದು ಬರೆದಳು. ಅದರ ಕೆಳಗೆ 'ಒಂದು ತಿಂಗಳು'.

ಪ್ರೇಕ್ಷಾ ಚೀಟಿಯನ್ನು ಮಡಚಲಿಲ್ಲ. ಹೊರಗೆ ಹೋಗಿ ಗಂಡನ ಪಕ್ಕ ಕೂತು ಅದನ್ನು ಅವನ ತೊಡೆಯ ಮೇಲಿಟ್ಟಳು.

"ಮೊದ್ಲು ಇದನ್ನ ಓದಿ," ಎಂದಳು. "ಆಮೇಲೆ ಅವ್ರು ಹೇಳದೇ ಬಿಟ್ಟಿದ್ದನ್ನ ನೀವು ಹೇಳಿ."