ಮುಂದಿನ ಎರಡು ಹಲ್ಲುಗಳ ನಡುವಿನ ಸಂದು

ದಂತವೈದ್ಯರ ಬೀದಿಯ ಹಿಂಬದಿಯ ಉದ್ದನೆಯ ಕೋಣೆಯೊಂದರಲ್ಲಿ ಕೂತು ಕಟ್ಟುಹಲ್ಲು ಮಾಡುತ್ತಿದ್ದವನನ್ನು ಎಲ್ಲರೂ ಹಲ್ಲುಮೇಸ್ತ್ರಿ ಎಂದೇ ಕರೆಯುತ್ತಿದ್ದರು. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಈತ ಅದಕ್ಕೆ ಪ್ಲಾಸ್ಟರ್ ಹುಯ್ದು, ಗಟ್ಟಿಯಾದ ಮೇಲೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಅದರಲ್ಲಿ ನಿಲ್ಲಿಸುತ್ತಿದ್ದ. ಗೋಡೆಯ ಕಪಾಟುಗಳ ತುಂಬ ಬಿಳಿಯ ದವಡೆಗಳು. “ದೊಡ್ಡ ದೊಡ್ಡವರೆಲ್ಲ ನನ್ನ ಹತ್ರ ಬಾಯಿಬಿಟ್ಟವರೇ” ಎಂದು ನಗುವಾಗ ಅವನ ಮುಂದಿನ ಎರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಕಾಣುತ್ತಿತ್ತು.

ಆ ಸಂದು ಮನೆತನದ್ದು. ಅಪ್ಪನ ಅಪ್ಪನಿಗೆ ಇತ್ತಂತೆ, ಅಕ್ಕನಿಗೂ ಇದೆ. ಅಪ್ಪನಿಗೆ ಮಾತ್ರ ಈಗ ಹಲ್ಲೇ ಇರಲಿಲ್ಲ. ಹಳೆಯ ಸೆಟ್ಟು ಸಡಿಲವಾಗಿ, ಮಾತಿನ ನಡುವೆ ಜಾರಿ, ಬೈಗುಳಗಳನ್ನೆಲ್ಲ ಅರ್ಧದಲ್ಲೇ ನಿಲ್ಲಿಸುತ್ತಿತ್ತು. ಹೊಸದು ಮಾಡಿಕೊಡುತ್ತೇನೆಂದು ಮಗ ಅಳತೆ ತೆಗೆದುಕೊಂಡಾಗ ಆತ ಹಾಕಿದ್ದು ಒಂದೇ ಷರತ್ತು.

“ಈ ಸಲ ಸಂದು ಬಿಡಬೇಕು ಕಣೋ. ಹಿಂದಿನದನ್ನ ಯಾವನೋ ಪುಣ್ಯಾತ್ಮ ಗೋಡೆ ಕಟ್ಟಿದ ಹಾಗೆ ಕಟ್ಟಿಬಿಟ್ಟಿದ್ದ. ಕನ್ನಡಿ ನೋಡಿದ್ರೆ ಯಾರೋ ನೆಂಟರು ಬಂದ ಹಾಗಿತ್ತು.”

ಆ ವಾರವೇ ಮೇಸ್ತ್ರಿಯ ಮಗಳು, ಆಫೀಸಿನ ಗೆಳತಿಯರ ಮಾತು ಕೇಳಿ, ಡಿಎನ್‌ಎ ಪರೀಕ್ಷೆಯ ನಾಲ್ಕು ಡಬ್ಬಿ ತರಿಸಿದಳು. ಒಂದೊಂದರಲ್ಲೂ ಸಣ್ಣ ನಳಿಗೆ. ಗೆರೆ ಮುಟ್ಟುವವರೆಗೆ ಉಗುಳಿ, ಮುಚ್ಚಿ, ಅಂಚೆಗೆ ಹಾಕಿದರೆ ಮುಗಿಯಿತು. ಅಕ್ಕನನ್ನೂ ಕರೆಸಿ ನಾಲ್ವರೂ ಊಟದ ಮೇಜಿನ ಸುತ್ತ ಕೂತರು.

“ಜನ್ಮವೆಲ್ಲ ಕಂಡವರ ಎಂಜಲಲ್ಲೇ ಕಳೆದೆ. ಈಗ ನನ್ನದನ್ನೂ ಯಾರೋ ನೋಡಲಿ ಬಿಡು” ಎಂದ ಮೇಸ್ತ್ರಿ.

“ನನ್ನ ಬಾಯಿ ಒಣಗಿ ಕೂತಿದೆ. ಎಲ್ಲಿಂದ ತರ್ಲಿ?” ಎಂದು ಅಪ್ಪ ಗೊಣಗಿದ.

“ಹುಣಸೆಹಣ್ಣು ನೆನೆಸ್ಕೋ ತಾತ” ಎಂದಳು ಮಗಳು. ಅಪ್ಪನಿಗಿಂತ ಮೊದಲು ಅಕ್ಕನ ಬಾಯಲ್ಲಿ ನೀರೂರಿತು. ಎಲ್ಲರೂ ನಕ್ಕರು.

ಫಲಿತಾಂಶ ಬಂದಾಗಲೂ ಮೊದಲು ನಗುವೇ ಇತ್ತು. ತಾತನ ರಕ್ತದಲ್ಲಿ ಹತ್ತನೇ ಒಂದು ಪಾಲು ಸಮುದ್ರದಾಚೆಯದು ಎಂದು ಮಗಳು ಫೋನಿನಲ್ಲಿ ಓದಿದಳು. “ಅಷ್ಟು ದೂರ ನಾನು ಲಾರೀಲೂ ಹೋಗಿಲ್ಲವಲ್ಲೇ!” ಎಂದ ಆ ಮುದುಕ, ಆಯುಷ್ಯದ ಬಹುಪಾಲು ಲಾರಿ ಓಡಿಸಿ, ವಾರಗಟ್ಟಲೆ ಮನೆಯ ಮುಖ ಕಾಣದೆ ಬದುಕಿದವನು. ಆಮೇಲೆ ಅವಳು, ಯಾರು ಯಾರಿಗೆ ಏನಾಗಬೇಕೆಂದು ತೋರಿಸುವ ನೆಂಟರ ಪುಟ ತೆರೆದಳು. ಮುಂದಕ್ಕೆ ಸರಿಸಿದಳು, ಹಿಂದಕ್ಕೆ ಬಂದಳು.

“ಏನಂತೆ?” ಎಂದಳು ಅಕ್ಕ.

“ಅತ್ತೆ, ನೀವು ತಾತನ ಮಗಳು ಅಂತಿದೆ. ಅಪ್ಪ ನಿಮಗೆ... ಅರ್ಧ ತಮ್ಮ ಅಂತೆ, ಅಜ್ಜಿ ಕಡೆಯಿಂದ ಮಾತ್ರ. ತಾತನ ಪಟ್ಟೀಲಿ ಅಪ್ಪನೂ ಇಲ್ಲ, ನಾನೂ ಇಲ್ಲ.”

ಮೇಸ್ತ್ರಿಗೆ ಅಪ್ಪನ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. ಆದರೆ ಅಪ್ಪ ನಗುತ್ತಿದ್ದ.

“ಎಂಜಲು ಅದಲುಬದಲಾಗಿರತ್ತೆ ಬಿಡ್ರೇ. ನೂರಾರು ಜನ ಉಗುಳಿರ್ತಾರೆ, ಯಾರದ್ದು ಯಾರದ್ದೋ ಆಗಿರತ್ತೆ. ಏಯ್, ಬಾಯಿ ತೆಗಿ.”

“ಅಪ್ಪಾ...”

“ತೆಗಿಯೋ ಅಂದ್ರೆ!”

ಐವತ್ತು ದಾಟಿದ ಮಗ ಮಗುವಿನಂತೆ ಬಾಯಿ ತೆರೆದ. ಮುದುಕ ತನ್ನ ಉಗುರನ್ನು ಆ ಸಂದಿಗೆ ತಾಗಿಸಿ, ಮೊಮ್ಮಗಳತ್ತ ತಿರುಗಿದ. “ನೋಡು. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ ನಿಂಗೆ?”

ಬೇಕಾಗಿರಲಿಲ್ಲ, ಆ ಸಂದು ಹುಟ್ಟಿನಿಂದ ಬಂದದ್ದಾಗಿದ್ದರೆ.

ಬಾಲ್ಯವಿಡೀ ಅಪ್ಪ ಅವನನ್ನು ಎತ್ತಿಕೊಂಡದ್ದಿಲ್ಲ, ಮುಖ ಕೊಟ್ಟು ಮಾತಾಡಿದ್ದಿಲ್ಲ. ಲಾರಿಯಿಂದ ಇಳಿದು ಬಂದವನು ಮಗಳಿಗೆ ಮಿಠಾಯಿ ಕೊಟ್ಟು, ಮಗನ ಪಕ್ಕದಿಂದ ಗಾಳಿಯಂತೆ ಹಾದುಹೋಗುತ್ತಿದ್ದ. “ಇದು ಯಾರ ಮನೆ ಮೂತಿಯೋ” ಎಂದು ಒಮ್ಮೆ ಅಮ್ಮನೆದುರೇ ಅಂದಿದ್ದ. ಅಮ್ಮ ಪಾತ್ರೆ ತಿಕ್ಕುತ್ತಲೇ ಇದ್ದಳು. ಮುಂದೆ ಹುಡುಗ ಕಟ್ಟುಹಲ್ಲಿನ ಕೆಲಸ ಕಲಿಯಲು ಸೇರಿದ. ಒಂದು ಮಧ್ಯಾಹ್ನ ಯಜಮಾನ ಊಟಕ್ಕೆ ಹೋದಾಗ, ಕನ್ನಡಿ ನಿಲ್ಲಿಸಿಕೊಂಡು, ಕಟ್ಟುಹಲ್ಲಿನ ಅಕ್ರಿಲಿಕ್ ವಸಡು ಉಜ್ಜುವ ತೆಳು ಚಕ್ರವನ್ನು ತನ್ನ ಮುಂದಿನ ಹಲ್ಲುಗಳ ನಡುವೆ ಇಳಿಸಿದ. ಸುಟ್ಟ ಎಲುಬಿನ ವಾಸನೆ ಬಂತು. ನೋವಿಗೆ ಕಣ್ಣಲ್ಲಿ ನೀರಿಳಿಯುತ್ತಿದ್ದರೂ ಎರಡು ಕಡೆಯೂ ಸಮವಾಗಿ ಉಜ್ಜಿದ. ಕೆಲಸ ಅಷ್ಟು ಚೆನ್ನಾಗಿ ಕಲಿತಿದ್ದ. ತಿಂಗಳ ನಂತರ ಅಪ್ಪ ಬಂದಾಗ, ಹಲ್ಲು ಜುಮ್ಮೆನ್ನುತ್ತಿದ್ದರೂ, ಅವನೆದುರು ಬೇಕೆಂದೇ ನಕ್ಕ. ಅಪ್ಪ ತಟ್ಟೆಯಿಂದ ಕೈಯೆತ್ತಿ ನೋಡಿದ. ಅಷ್ಟು ವರ್ಷ ಆ ಬಾಯನ್ನು ಅವನು ನೋಡಿಯೇ ಇರಲಿಲ್ಲ. “ಲೇ, ಇವನಿಗೂ ಬಂದಿದೆಯಲ್ಲೇ!” ಎಂದು ಅಮ್ಮನನ್ನು ಕೂಗಿದ. ಅಮ್ಮ ಬಾಗಿಲಲ್ಲಿ ನಿಂತು ಮಗನ ಬಾಯನ್ನೇ ನೋಡಿದಳು. ನೋಡಿ, ಒಳಗೆ ಹೋದಳು. ಅಂದಿನಿಂದ ಅವನಿಗೆ ಅಪ್ಪ ಸಿಕ್ಕಿದ. ಹೆಗಲ ಮೇಲೆ ಕೈಹಾಕುವ, ಕೀಟಲೆ ಮಾಡುವ, ಜ್ವರ ಬಂದರೆ ಹಾಸಿಗೆಯ ಪಕ್ಕ ಕೂರುವ ಅಪ್ಪ.

ಫಲಿತಾಂಶ ಓದಿದ ಆ ದಿನ ಮೇಸ್ತ್ರಿ ಅಡುಗೆಮನೆಗೆ ಎದ್ದುಹೋದಾಗ, ಲೋಟ ತೊಳೆಯುವ ನೆಪದಲ್ಲಿ ಅಕ್ಕನೂ ಹಿಂದೆಯೇ ಬಂದಳು.

“ನಂಗೊತ್ತು ಕಣೋ. ಚಿಕ್ಕವನಿದ್ದಾಗ ನಿನ್ನ ಹಲ್ಲು ಉಜ್ಜಿಸ್ತಿದ್ದವಳು ನಾನೇ. ಒಂದಕ್ಕೊಂದು ಒತ್ತಿಕೊಂಡಿದ್ವು.”

“ಇಷ್ಟು ದಿನ ಯಾಕೆ ಸುಮ್ಮನಿದ್ದೆ?”

“ಆ ಸಂದಿನಿಂದ ಅಪ್ಪ ಅಮ್ಮನ ಜಗಳ ನಿಂತಿತ್ತಲ್ಲೋ.”

“ನನ್ನ ಹುಟ್ಟಿಸಿದವನು ಯಾರು ಅಂತ ಅಮ್ಮ ನಿಂಗೆ ಏನಾದರೂ...?”

“ಇಲ್ಲ. ಅಮ್ಮ ಹೋದ ಮೇಲೆ ಇನ್ನು ಕೇಳೋಕೆ ಯಾರೂ ಉಳಿದಿಲ್ಲ ಮಾರಾಯ.” ನಲ್ಲಿ ನಿಲ್ಲಿಸಿ, ದನಿ ತಗ್ಗಿಸಿದಳು. “ನಾನು ಬಾಯಿ ಬಿಡಲ್ಲ. ನೀನೂ ಬಿಡಬೇಡ.”

ಗುಟ್ಟು ಅಷ್ಟಕ್ಕೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಮೇಣದ ಸೆಟ್ಟು ಸಿದ್ಧವಾಗಿ, ಒಪ್ಪುತ್ತದೆಯೇ ಎಂದು ನೋಡಲು ಅಪ್ಪನನ್ನು ಕೆಲಸದ ಕೋಣೆಗೆ ಕರೆತಂದ ದಿನ, ಕನ್ನಡಿಯಲ್ಲಿ ತನ್ನ ಹಳೆಯ ನಗೆಯನ್ನು ಕಂಡ ಮುದುಕ ಇದ್ದಕ್ಕಿದ್ದಂತೆ ಬಿಕ್ಕತೊಡಗಿದ.

“ಚುಚ್ಚುತ್ತಾ ಅಪ್ಪ? ಎಲ್ಲಿ?”

“ಚುಚ್ಚೋದು ಅದಲ್ಲವೋ.” ಸೆಟ್ಟನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. ಬೊಚ್ಚುಬಾಯಿಯ ಮಾತು ತೊದಲಿತು. “ಆ ಹಾಳು ಯಂತ್ರ ಹೇಳಿದ್ದನ್ನೇ ನಾನೂ ಒಂದು ಕಾಲದಲ್ಲಿ ಅಂದ್ಕೊಂಡಿದ್ದೆ. ನಿಮ್ಮಮ್ಮನ ಮೇಲೆ ಅನುಮಾನ ಪಟ್ಟಿದ್ದೆ. ಹೊಡೆದಿದ್ದೂ ಇದೆ. ನಿನ್ನ ಹಲ್ಲು ನೋಡಿದ ಮೇಲೆ ಬಿಟ್ಟೆ. ಆದ್ರೆ ತಪ್ಪಾಯ್ತು ಅಂತ ಅವಳಿಗೆ ಹೇಳ್ಲಿಲ್ಲ. ಗಂಡಸಲ್ವಾ. ನಿರಪರಾಧಿ ಕಣೋ ಅವಳು. ನನ್ನಂಥ ಪಾಪಿ ಇನ್ನೊಬ್ಬ ಇಲ್ಲ.”

ಮೇಸ್ತ್ರಿಯ ಒಂದು ಮಾತು ಸಾಕಿತ್ತು: ನಿನ್ನ ಅನುಮಾನ ನಿಜ ಅಪ್ಪ, ಈ ಸಂದನ್ನು ನಾನೇ ಕೊರೆದುಕೊಂಡೆ. ಆಡಿಬಿಟ್ಟರೆ ಮುದುಕನ ಎದೆಯ ಭಾರ ಇಳಿಯಬಹುದು. ಆದರೆ ಹೊಡೆತ ತಿಂದ ಅಮ್ಮನಿಗೆ ಹೊಡೆತವೇ ತಕ್ಕದ್ದೆಂದಾಗುತ್ತದೆ; ತನ್ನ ಹೆಗಲ ಮೇಲಿನ ಕೈ ಮತ್ತೆಂದೂ ಬರುವುದಿಲ್ಲ. ಆಡದಿದ್ದರೆ ಈ ಮನುಷ್ಯ ಅಮ್ಮನನ್ನು ನೆನೆದು ನೆನೆದು, ತಾನೊಬ್ಬ ಪಾಪಿ ಎಂದುಕೊಂಡೇ ಸಾಯುತ್ತಾನೆ. ಬಾಯಿ ತೆರೆದ. ಅಪ್ಪನ ಕಣ್ಣು ನೇರವಾಗಿ ಆ ಸಂದಿಗೇ ಹೋಗಿ ನಿಂತಿತು, ದೀಪ ನೋಡುವವನಂತೆ. ಮೇಸ್ತ್ರಿ ಅಪ್ಪನ ಅಂಗೈಯಿಂದ ಸೆಟ್ಟನ್ನು ಎತ್ತಿ ಮೇಜಿನ ಮೇಲಿಟ್ಟ.

“ಅವಳ ಹೊಟ್ಟೇಲಿ ಹುಟ್ಟಿದವನು ನೀನು” ಎಂದ ಅಪ್ಪ, ಅವನ ಕೈ ಹಿಡಿದು. “ಅವಳ ಪರವಾಗಿ ನೀನಾದರೂ ಕ್ಷಮಿಸಿದೆ ಅನ್ನು.”

“ಕ್ಷಮಿಸಿದೀನಿ ಅಪ್ಪ.”

“ಮನಸ್ಸಿನಿಂದ ಹೇಳ್ದೆ ತಾನೆ?”

“ಮನಸ್ಸಿನಿಂದಲೇ.”

ಮರುದಿನ ಬೆಳಿಗ್ಗೆ, ಚಹಾ ಕೊಡಲು ಹೋದಾಗ, ಅಪ್ಪ ಮತ್ತೆ ಅದನ್ನೇ ಕೇಳಿದ. ಅದರ ಮರುದಿನವೂ ಕೇಳಿದ. ಹೊಸ ಸೆಟ್ಟು ಬಾಯಲ್ಲಿ ಕೂತ ಮೇಲಂತೂ ಪ್ರಶ್ನೆ ಸ್ಪಷ್ಟವಾಗಿ, ಒಂದಕ್ಷರವೂ ಜಾರದೆ ಬರತೊಡಗಿತು. ಮೇಸ್ತ್ರಿ ಪ್ರತಿ ಸಲವೂ ಕ್ಷಮಿಸಿದ್ದೇನೆ ಎನ್ನುತ್ತಾನೆ. ಮುದುಕ ತಲೆಯಾಡಿಸಿ, ಸಮಾಧಾನವಾಗದೆ ಗೋಡೆಯತ್ತ ಮಗ್ಗುಲಾಗುತ್ತಾನೆ.