ಹರಾಜಿನ ಪರದೆಯೂ ನನ್ನ ಕಣ್ಣೂ

ಬೋಡಿ ಪೇಟೆಯ ಏಲಕ್ಕಿ ಹರಾಜಿನಲ್ಲಿ ಈಗ ಯಾರೂ ಕೂಗುವುದಿಲ್ಲ. ಮಾದರಿ ಕಾಯಿ ಕೈಗೆ ಬರುತ್ತದೆ, ಬೆಲೆ ಕಂಪ್ಯೂಟರಿನಲ್ಲಿ ಓಡುತ್ತದೆ. ಅವ್ವನ ತಮ್ಮ, ಅಂದರೆ ನನ್ನ ಮಾಮ, ಪಕ್ಕದಲ್ಲಿ ಕೂತು ಕಾಯಿಯನ್ನು ಅಂಗೈಯಲ್ಲಿ ಉರುಳಿಸಿ "ಏರ್ಸು" ಅನ್ನುತ್ತಾರೆ. ನಾನು ಗುಂಡಿ ಒತ್ತುತ್ತೇನೆ. ರೆಪ್ಪೆ ಮುಚ್ಚಿ ತೆಗೆದರೆ ಸಾಕು, ಸರಕು ಬೇರೆಯವರ ಪಾಲು. ಹರಾಜು ಮುಗಿದ ಮೇಲೆ ಮಾಮನ ಏಲಕ್ಕಿ ಅಂಗಡಿಯ ಲೆಕ್ಕವೂ ಅದೇ ಹಾಳು ಪರದೆಯಲ್ಲಿ.

ಕಣ್ಣು ಉರಿಯತೊಡಗಿತು. ಸಂಜೆಯಾದರೆ ಮಣ್ಣು ಎರಚಿದ ಹಾಗೆ, ಅಂಕಿಗಳೆಲ್ಲ ಜೋಡಿ ಜೋಡಿ. ನಮ್ಮೂರು ತೇವಾರದ ಮನೆಯಲ್ಲಿ ಅವ್ವ "ಯಾರ ಕಣ್ಣೋ ಬಿದ್ದೈತೆ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಒಣಗಿದ ಕಣ್ಣಿಗೆ ಮೆಣಸಿನಕಾಯಿ ಹೊಗೆ! ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ನಾನು ಕೆಮ್ಮಿ ಕೆಮ್ಮಿ ಸಾಯುತ್ತಿದ್ದರೆ ಅವಳು, "ಘಾಟೇ ಇಲ್ವಲ್ಲ, ಎಂಥಾ ಕೆಟ್ಟ ಕಣ್ಣಪ್ಪ!" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ತೇನಿ ಪಟ್ಟಣದ ಕಣ್ಣಾಸ್ಪತ್ರೆಗೆ ಹೋದೆ. "ರೆಪ್ಪೆ ಬಡಿಯೋದನ್ನೇ ಮರ್ತಿದ್ದೀಯಲ್ಲಮ್ಮ" ಎಂದು ಕಣ್ಣಿನ ಡಾಕ್ಟರಮ್ಮ ಬೈದು, ಹನಿಮದ್ದು ಕೊಟ್ಟು ಕನ್ನಡಕ ಬರೆದರು. ಹೀಗೇ ನಡೆದರೆ ಈ ಕೆಲಸ ಬಿಡಬೇಕಾದೀತು ಎಂದೂ ಹೇಳಿದರು. ಅಷ್ಟು ಗಂಡಸರ ನಡುವೆ ಕೂತು ಗಳಿಸಿಕೊಂಡ ಕೆಲಸ. ಅದನ್ನು ಬಿಡುವುದೆಂದರೆ ನನ್ನಿಂದಾಗದು.

ಮರುದಿನ ಕನ್ನಡಕ ಹಾಕಿಕೊಂಡು ಹರಾಜಿಗೆ ಹೋದರೆ ಮಾಮ ಹೌಹಾರಿದರು.

"ಅಯ್ಯಯ್ಯೋ, ತೆಗಿ ಅದನ್ನ! ಕಣ್ಣಾಡಿ ಹಾಕ್ದೋರು ಆರ್ಸಿದ ಕಾಯನ್ನ ಯಾರು ನಂಬ್ತಾರೆ? ನಮ್ಮ ಅಂಗಡಿ ಮಾನ ಏನಾಗ್ಬೇಕು?"

ಹಾಳು ಅಭ್ಯಾಸ, ಹೇಳಿದ ತಕ್ಷಣ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. "ನನ್ನ ಕಣ್ಣು ಹೋದ್ರೆ ಮಾಮ?" ಎಂದೆ.

"ಏಲಂ ಮುಗೀಲಿ, ಆಮೇಲೆ ನೋಡವ."

ನೋಡುವುದಂತೆ! ಯಾವ ಕಣ್ಣಲ್ಲಿ? ಎದ್ದು ನಿಂತೆ. "ಹಂಗಾರೆ ನೀವೇ ಒತ್ತಿ."

ಮಾಮ ಬಿಗುಮಾನದಿಂದಲೇ ನನ್ನ ಜಾಗದಲ್ಲಿ ಕೂತರು. ಗದ್ದ ಹಿಂದಕ್ಕೆಳೆದರು, ಕಣ್ಣು ಕಿರಿದು ಮಾಡಿದರು, ಕುರ್ಚಿಯನ್ನೂ ಹಿಂದೆ ಸರಿಸಿದರು. ಬೆರಳು ಗುಂಡಿಗಳ ಮೇಲೆ ತಡಕಾಡುತ್ತಿದ್ದಂತೆ, ನಾವು ಕಾದು ಕೂತಿದ್ದ ಹಚ್ಚಹಸಿರು ಕಾಯಿ ಪಕ್ಕದವರ ಪಾಲಾಯಿತು. ಮಾಮನಿಗೆ ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಕಣ್ಣು ಸವೆಸಿ ವ್ಯಾಪಾರ ಮಾಡಿಕೊಂಡು, ಹೆಸರು ಮಾತ್ರ ತಮ್ಮ ಕಣ್ಣಿಗೆ!

ಅತ್ತಿತ್ತ ನೋಡಿ, ದನಿ ತಗ್ಗಿಸಿ, ಮೇಜಿನ ಕೆಳಗಿನಿಂದ ಕೈ ಚಾಚಿದರು. "ಆ ಕಣ್ಣಾಡಿ ಇತ್ತ ತಾ, ತಾಯಿ."

ಕೊಡಲಿಲ್ಲ. ಅವರನ್ನು ಎಬ್ಬಿಸಿ, ಎಲ್ಲರೂ ನೋಡಲಿ ಎಂದೇ ಅದನ್ನು ಹಾಕಿಕೊಂಡು ನನ್ನ ಜಾಗದಲ್ಲಿ ಕೂತೆ.