ಕಿಟ್ಟಣ್ಣನ ಮೂಗು

ನನ್ನ ಗಂಡನ ಹೆಸರು ಕೃಷ್ಣಮೂರ್ತಿ. ಸೆಕ್ಟರ್ ಫೈವ್‌ನಲ್ಲಿ ಮಾತ್ರ ಚಿಕ್ಕವರು ದೊಡ್ಡವರು ಎಲ್ಲರಿಗೂ ಕಿಟ್ಟಣ್ಣ. ಉಡುಪಿ ಕಡೆಯ ಅಡುಗೆಯವರು. ಕಂಪ್ಯೂಟರ್ ಕಂಪನಿಗಳು ಪೈಪೋಟಿಯ ಮೇಲೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳಲ್ಲಿ ನಾವು ಬಂಗಾಳದ ಆ ಬಡಾವಣೆಯಲ್ಲೊಂದು ಸಣ್ಣ ಊಟದ ಮೆಸ್ ತೆರೆದೆವು. ದಕ್ಷಿಣೇಶ್ವರದ ಮನೆಯಿಂದ ಬೆಳಗಿನ ಲೋಕಲ್ ರೈಲು ಹಿಡಿದು ಉಲ್ಟಾಡಾಂಗಾದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಮೈಯೆಲ್ಲ ಮುದುಡಿಕೊಂಡು ಹೋಗಬೇಕು. ಒಲೆ ಅವರದು, ಬಡಿಸುವುದು ನನ್ನದು.

ಅಡುಗೆ ಮಾಡುವಾಗ ಇವರು ರುಚಿ ನೋಡುವವರಲ್ಲ. ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ ನೈವೇದ್ಯ ಆಗುವ ಮೊದಲು ಬಾಯಿಗೆ ಹಾಕಿದರೆ ಎಂಜಲಾಯಿತಲ್ಲ? ಹಾಗಾಗಿ ಎಲ್ಲವೂ ಮೂಗಿನಲ್ಲೇ. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದರೆ ಉಪ್ಪು ಬಿದ್ದಿದೆಯೋ, ಹುಣಸೆಹುಳಿ ಕುದ್ದಿದೆಯೋ, ಮಸಾಲೆಯ ಹಸಿ ವಾಸನೆ ಹೋಗಿದೆಯೋ, ತಿಳಿದುಬಿಡುತ್ತಿತ್ತು. ನಾನು ಗಂಡನನ್ನು ಸುಮ್ಮಸುಮ್ಮನೆ ಹೊಗಳುವವಳಲ್ಲ. ಆ ಮೂಗನ್ನು ಹೊಗಳದಿದ್ದರೆ ಮಾತ್ರ ನನಗೆ ತಿಂದ ಅನ್ನ ದಕ್ಕಲಿಕ್ಕಿಲ್ಲ.

ಇವರಿಗೆ ಎದೆಯುರಿಯ ಕಾಟ ಹಳೆಯದು. ನಿತೇಶ್ ಎಂಬ ಗಿರಾಕಿ, ಆಫೀಸಿನಲ್ಲಿ ಕೆಲಸ ಕಡಿಮೆ ಇತ್ತೋ ಏನೋ, ಒಂದು ಭಾನುವಾರ ಇವರನ್ನು ಎಸ್ಪ್ಲನೇಡ್ ಹತ್ತಿರದ ಸಭಾಂಗಣಕ್ಕೆ ಯಾವುದೋ ಆರೋಗ್ಯ ಶಿಬಿರಕ್ಕೆ ಎಳೆದುಕೊಂಡು ಹೋದ. ಸಂಜೆ ಇವರು ಎರಡು ಚೀಲ ಸೊಪ್ಪು, ಸೌತೆಕಾಯಿ ಹೊತ್ತು ಮನೆಗೆ ಬಂದರು.

“ಇನ್ನು ಮೇಲೆ ನನಗೆ ಬೇಯಿಸಿದ್ದು ಬೇಡ, ಮುಕ್ತಾ. ಬೆಂದ ಅನ್ನ ಅಂದರೆ ಹೆಣ ಅಂತೆ.”

“ಹಾಗಾದರೆ ಇಷ್ಟು ವರ್ಷ ಊರಿಗೆಲ್ಲ ನೀವು ಬಡಿಸಿದ್ದು ಎಂತ? ಬಾಯಲ್ಲಿ ಒಂದು ಒಳ್ಳೆ ಮಾತು ಬರುವುದಿಲ್ವಾ ಮಾರಾಯ್ರೆ?”

ಕೇಳಿದರೆ ತಾನೇ. ಮೊಳಕೆ ಬಂದ ಹೆಸರು, ಪಪ್ಪಾಯಿ, ನೆನೆಸಿದ ಕಡಲೆಬೀಜ, ತೆಂಗಿನಕಾಯಿ ಜೊತೆ ಹಸಿಹಸಿಯಾಗಿ ರುಬ್ಬಿದ ಕೊತ್ತಂಬರಿ ಸೊಪ್ಪು. ನೂರು ಜನಕ್ಕೆ ಅನ್ನ ಬೇಯಿಸಿ ಬಾಗಿಸಿ, ತಾನು ಮೂಲೆಯಲ್ಲಿ ಕೂತು ಕ್ಯಾರೆಟ್ ಕಡಿಯುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದೆಯುರಿ ಕಡಿಮೆಯಾಯಿತು, ಹೊಟ್ಟೆ ಕರಗಿತು, ಅದನ್ನು ಇಲ್ಲವೆನ್ನಲಾರೆ. ಆದರೆ ಎದುರು ಕೂತು ಉಣ್ಣುವವರಿಲ್ಲದ ಮೇಲೆ ಸಪೂರ ಗಂಡನನ್ನು ಇಟ್ಟುಕೊಂಡು ನಾನೇನು ಮಾಡಲಿ? ಬಾಯಿಗೆ ಬಂದಂತೆ ಆಡಿಕೊಂಡೆ. “ಹಸಿ ಸ್ವಾಮಿಗಳ ಸವಾರಿ ಬಂತು.” “ಹಸಿ ಸ್ವಾಮಿಗಳಿಗೆ ಹುಲ್ಲು ತರಲಾ?” ದಿನ ಬೆಳಗಾದರೆ ಇದೇ.

ಮೊದಲೆಲ್ಲ ನೈವೇದ್ಯದ ತಟ್ಟೆಯನ್ನು ಇವರೇ ಉಣ್ಣುತ್ತಿದ್ದರು. ಅಡುಗೆಯ ರುಚಿ ಇವರ ನಾಲಿಗೆಗೆ ತಿಳಿಯುತ್ತಿದ್ದದ್ದು ಆಗಲೇ. ಈಗ ಆ ತಟ್ಟೆ ನನ್ನ ಪಾಲಿಗೆ ಬಂತು. ಕೆಲವು ತಿಂಗಳು ಎಲ್ಲ ಸರಿಯಿತ್ತು. ಆಮೇಲೊಂದು ದಿನ ಸಾರು ಬಾಯಿಗಿಟ್ಟರೆ ಮಸಾಲೆ ಘಾಟು ಘಾಟು. ಮರುದಿನವೂ ಹಾಗೆಯೇ.

“ನೋಡಿ, ಸಾರು ಹಸಿ ವಾಸನೆ ಬರ್ತಾ ಉಂಟು,” ಎಂದೆ.

“ಬೆಳಗಿನಿಂದ ಹಸಿ ಹಸಿ ಅಂತ ಜಪ ಮಾಡ್ತಿ. ಈಗ ಸಾರಿಗೂ ಅಂಟಿಸಿದಿಯಾ?”

ಎಷ್ಟು ಹೇಳಿದರೂ ಅಷ್ಟೇ. ಆ ಮಾತು ನನ್ನ ಬಾಯಿಂದ ಬಂದರೆ ಇವರ ಕಿವಿಗೆ ಕುಹಕವಾಗಿಯೇ ಕೇಳುತ್ತಿತ್ತು. ಸಾಲದ್ದಕ್ಕೆ ಬಂಗಾಳಿ ಗಿರಾಕಿಗಳು. ಹಸಿ ಸಾಸಿವೆಯ ಘಾಟಿಗೆ ಒಗ್ಗಿದ ನಾಲಿಗೆ ಅವರದು. ಚಪ್ಪರಿಸಿ “ದಾರುಣ್, ದಾದಾ, ದಾರುಣ್!” ಎನ್ನುವರು. ಅವರ ಭಾಷೆಯಲ್ಲಿ ಹಾಗೆಂದರೆ ಬಹಳ ಸೊಗಸು ಎಂದು. ಇವರು ಉಬ್ಬಿಹೋಗುವರು.

“ನಮ್ಮ ಭಾಷೆಯಲ್ಲಿ ಕೇಳಿಸಿಕೊಳ್ಳಿ, ಸತ್ಯ ಅದರಲ್ಲುಂಟು,” ಎಂದೆ. ಆ ದಿನ ರೈಲಿನಲ್ಲಿ ಇವರು ಬೇರೆ ಸೀಟಿಗೆ ಹೋಗಿ ಕೂತರು.

ನಮ್ರತಾ ಎಂಬ ಮೈಸೂರಿನ ಹುಡುಗಿ ಎದುರಿನ ಕಂಪನಿಯಲ್ಲಿ ಕೆಲಸದಲ್ಲಿದ್ದಳು. ಆಗ ಬಸುರಿ. ಏನು ತಿಂದರೂ ವಾಂತಿ. ಕಿಟ್ಟಣ್ಣನ ಸಾರನ್ನ ಒಂದೇ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು. ಇವರು ಅವಳಿಗೆಂದು ತಿಳಿಸಾರು ಬೇರೆಯಾಗಿ ಬಸಿದಿಡುತ್ತಿದ್ದರು. ಆವತ್ತು ಅವಳು ಒಂದು ತುತ್ತು ಬಾಯಿಗಿಟ್ಟವಳೇ ದುಪಟ್ಟಾ ಮುಚ್ಚಿಕೊಂಡು ಹೊರಗೆ ಓಡಿದಳು. ಮುಖ ತೊಳೆದು ಬಂದು, “ಏನಿಲ್ಲ ಅಕ್ಕ. ಸಾರು ಯಾಕೋ ಹಸಿ ಹಸಿ ಅನ್ನಿಸ್ತು. ನನ್ನ ಮೂಗೇ ಈಗ ಸರಿಯಿಲ್ಲ ಬಿಡಿ,” ಎಂದಳು.

ಇವರು ಅಡುಗೆಕೋಣೆಯ ಬಾಗಿಲಲ್ಲೇ ನಿಂತಿದ್ದರು. ಯಾವ ಜಗಳವೂ ಇಲ್ಲದ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಒಳಗೆ ಹೋಗಿ ಕೊಪ್ಪರಿಗೆಯ ಮೇಲೆ ಬಗ್ಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು.

“ನನಗೆ ಚೆನ್ನಾಗಿಯೇ ಉಂಟು, ಮುಕ್ತಾ. ಊಟದ ಪರಿಮಳವೇ ಇದು ಅನ್ನಿಸ್ತದೆ.”

ಮುಖದಲ್ಲಿ ರಕ್ತವಿರಲಿಲ್ಲ. ತಿಂಗಳುಗಟ್ಟಲೆ ಹಸಿಯನ್ನೇ ತಿಂದ ಮೂಗಿಗೆ ಅದು ದೋಷವೆಂಬುದೇ ಮರೆತುಹೋಗಿತ್ತು. ‘ನಾನು ಹೇಳಲಿಲ್ವಾ’ ಎಂಬುದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಇವರಿಗೆ ಬೇರೆ ವಿದ್ಯೆ ಬಾರದು. ಮೂಗು ಹೋದರೆ ಇವರು ಯಾರು? ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ನಮ್ರತಾ ಊಟಕ್ಕೆ ಬರಲಿಲ್ಲ. ಇವರು ಸೌಟು ನನ್ನ ಕೈಗೆ ಕೊಟ್ಟರು. “ನೀನು ಮಾಡು. ನಾನು ಬಡಿಸ್ತೇನೆ.” ಮನೆಗೆ ಬಂದು ಕೈಕಾಲು ತೊಳೆದು, “ಗಂಜಿ ಉಂಟಾ?” ಎಂದರು. ಕುಚ್ಚಲಕ್ಕಿ ಗಂಜಿಗೆ ತುಪ್ಪ ಬಿಟ್ಟು, ಹಪ್ಪಳ ಸುಟ್ಟು ಮುಂದಿಟ್ಟೆ. ಕಣ್ಣು ಮುಚ್ಚಿಕೊಂಡು ಸುರಿದು ಉಂಡರು.

“ಹೆಣ ಹೇಗುಂಟು?” ಎಂದೆ.

“ಬಿಸಿ ಉಂಟು,” ಎಂದು ನಕ್ಕರು. ನಾನೂ ತಟ್ಟೆ ಹಾಕಿಕೊಂಡು ಎದುರು ಕೂತೆ.

ಆಮೇಲೆ ಅಡುಗೆ ನನ್ನದು. ಸೌತೆಕಾಯಿ ಕೋಸಂಬರಿಗಷ್ಟೇ ಉಳಿಯಿತು. ಎದೆಯುರಿ ತಿರುಗಿ ಬಂತು, ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು. ಫೋನ್ ಮಾಡಿ ಕರೆದ ಮೇಲೆ ನಮ್ರತಾಳೂ ಬಂದಳು. ನನ್ನ ಸಾರನ್ನು ಮರ್ಯಾದೆಗೆ ಅರ್ಧ ಉಂಡು ಏಳುತ್ತಿದ್ದಳು. ಇವರು ದಿನಾ ನೈವೇದ್ಯಕ್ಕೆ ಮೊದಲು ಒಳಗೆ ಬಂದು, ಕೊಪ್ಪರಿಗೆಗೆ ಬಗ್ಗಿ, ತಲೆ ಅಲ್ಲಾಡಿಸಿ ಹೊರಗೆ ಹೋಗುವರು. ಮೂಗು ಇನ್ನೂ ಮರಳಿಲ್ಲವೆಂದು ಅಷ್ಟರಲ್ಲೇ ನನಗೆ ತಿಳಿಯುತ್ತಿತ್ತು.

ಹೀಗೇ ವಾರಗಳು ಕಳೆದವು. ಒಂದು ಮಧ್ಯಾಹ್ನ ನಾನು ಸಾರು ಇಳಿಸಲು ಬಟ್ಟೆ ಹಿಡಿದಿದ್ದೆ. ಹೊರಗೆ ಎಲೆ ಹಾಕುತ್ತಿದ್ದ ಇವರು ಅಲ್ಲಿಂದಲೇ, “ಇಳಿಸಬೇಡ. ಇನ್ನೂ ಹಸಿ ಉಂಟು,” ಎಂದರು.

ಬಂದವರೆಲ್ಲ ಕೇಳಿಸಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. “ಹಸಿಯೂ ಇಲ್ಲ, ಎಂತದ್ದೂ ಇಲ್ಲ. ಕೊತ್ತಂಬರಿ ಹುರಿದೇ ಹಾಕಿದ್ದೇನೆ.”

“ಕೊತ್ತಂಬರಿಯದ್ದಲ್ಲ, ಹುಣಸೆಹುಳಿಯದ್ದು,” ಎನ್ನುತ್ತ ಒಳಗೆ ಬಂದು ಸೌಟು ಕಿತ್ತುಕೊಂಡರು. ಬೆಂಕಿ ತಗ್ಗಿಸಿ, ಒಂದಿಷ್ಟು ಬೆಲ್ಲ ಹಾಕಿ, ಬಗ್ಗಿ ನಿಂತರು. ಹಸಿ ಎಂದದ್ದು ಇವರ ಮೂಗು, ಆ ಮೂಗು ತಿರುಗಿ ಬಂದಿದೆ ಎಂದು ನನಗೆ ಅರ್ಥವಾದದ್ದು ಆಗ. ಅಳು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೈವೇದ್ಯದ ತಟ್ಟೆಗೆ ತುಳಸಿ ಇಟ್ಟೆ.

ನಮ್ರತಾಳ ಎಲೆಗೆ ಸಾರು ಬಡಿಸಿದವಳು ನಾನೇ. ಅವಳು ಅನ್ನ ಕಲಸಿ ಉಂಡಳು, ಮತ್ತೆ ಹಾಕಿಸಿಕೊಂಡಳು, ಲೋಟದಲ್ಲೂ ಕೇಳಿದಳು. ಕುಡಿದು ತಲೆಯೆತ್ತಿ, “ಅಕ್ಕ, ಇವತ್ತು ಅಣ್ಣ ಮಾಡಿದ್ದಾ?” ಎಂದಳು.

ಬೇಳೆ ಬೇಯಿಸಿದ್ದು ನಾನು, ಮಸಾಲೆ ಹುರಿದದ್ದು ನಾನು, ಒಗ್ಗರಣೆಯೂ ನನ್ನದೇ.

“ಹೌದಮ್ಮ, ಅವರೇ,” ಎಂದೆ.